ಸೊಸೆಗೂ ಗೆಳತಿಯರಿದ್ದಾರೆ

ಹೋದ ದೀಪಾವಳಿ ಸೂಟಿಯಾಗ ನಮ್ಮೂರ ಸಾಲಿಯ ಹಳೇ ಹುಡುಗರ ಸ್ನೇಹಮೇಳಾವಾ ಆಯ್ತು. ಹುಡುಗರು ಅಂದ್ರ ಹುಡುಗರಲ್ಲ, ನಲವತ್ತು ದಾಟಿದವರು. ಮಂಡಪ ಹಾಕಿದ್ರು, ಹಾದಿಗಿ ಬ್ಯಾನರ್ ಕಟ್ಟಿದ್ರು, ಕಲಿಸಿದ ಗುರುಜಿಗಳಿಗೆ ಫೇಟಾ ಸುತ್ತಿ ಶಾಲು ಹೊಚ್ಚಿದ್ರು. ಪುಣೆ, ಸೋಲಾಪುರ, ಹೈದರಾಬಾದಿಂದ ಬಂದಿದ್ರು. ನನಗೂ ಎರಡು ಪದ ಹಾಡಂತ ಕರೆದಿದ್ರು. ಹಾಡಿದೆ, ಉಂಡೆ, ಬಂದೆ. ಕಾರ್ಯಕ್ರಮ ಚಂದ ಆಯ್ತು. ಇದು ಯಾತಕ್ಕ ಬೇಕು ಅಂತ ಊರಾಗ ಒಬ್ಬರೂ ಕೇಳಲಿಲ್ಲ.

ಅದಾಗಿ ಹದಿನೈದು ದಿನಕ್ಕ ನಮ್ಮ ಹಿರೇ ಸೊಸಿ ಚಹಾ ತಂದಿಟ್ಟು ನಿಂತಳು. ಆಕಿ ಕಲಬುರ್ಗಿಯ ಹೆಣ್ಮಕ್ಕಳ ಕಾಲೇಜಿನಾಗ ಬಿ.ಎ. ಓದಿದಾಕಿ. 2005ರಾಗ ಪಾಸಾದಳು, ಅದೇ ವರ್ಷ ಲಗ್ನಾಗಿ ನಮ್ಮ ಯೆಣೆಗೂರಿಗಿ ಬಂದಳು. "ಮಾವಾರ, ಸಂಕ್ರಾಂತಿ ದಾಟಿದ ಮ್ಯಾಲಿನ ಐತವಾರ ನಮ್ಮ ಕಾಲೇಜಿನ ಗೆಳತ್ಯಾರೆಲ್ಲಾ ಕಲಬುರ್ಗಿಯಾಗ ಕೂಡಬೇಕಂತ ಮಾಡೀವಿ. ನಾ ಹೋಗಿ ಬರ್ತೀನಿ" ಅಂದಳು. ಅಷ್ಟಕ್ಕೇ ಮನಿಯಾಗ ಹತ್ತು ಪ್ರಶ್ನೆ ಎದ್ದವು. ಓಣಿಗಿ ಸುದ್ದಿ ಹೋಗಿ ಇಪ್ಪತ್ತಾದವು. ಆ ಪ್ರಶ್ನೆಗಳಿಗೆ ಉತ್ತರ ಅಂತ ಈ ಲೇಖನ ಬರೀಲಿಕ್ಕತ್ತೀನಿ. ಮೊದಲೇ ಹೇಳಿಬಿಡ್ತೀನಿ, ಮೊದಲ ಪ್ರಶ್ನೆ ಕೇಳಿದವ ನಾನೇ. "ಆ ಹೊತ್ತಿಗಿ ತೊಗರಿ ರಾಶಿ ಇರ್ತದಲ್ಲ?" ಅಂದೆ.

ಆಕಿ ಎದುರು ಮಾತಾಡಲಿಲ್ಲ. "ಹೋದ ತಿಂಗಳು ಮೇಳಾವಾದಾಗ ಸೋಯಾಬೀನ್ ರಾಶಿ ಇತ್ತಲ್ರೀ ಮಾವಾರ" ಅಂದು ಖಾಲಿ ಬಟ್ಟಲ ತಗೊಂಡು ಒಳಗ ಹೋದಳು. ಖರೇನೇ. ಸೋಯಾಬೀನ್ ಹೊಲದಾಗ ಬಿಟ್ಟು ನನ್ನ ಮಗ ಎರಡು ದಿನ ಮಂಡಪದಾಗ ಇದ್ದ. ರಾಶಿ ಮಾಡಿಸಿದಾಕಿ ಆಕಿನೇ.

ನಮ್ಮಲ್ಲಿ ಗಂಡಸರು ಕೂಡಿದ್ರ ಅದು ಮೇಳಾವಾ, ಹೆಣ್ಮಕ್ಕಳು ಕೂಡ್ತೀವಿ ಅಂದ್ರ ಅದು ಮೋಜು. ಇದು ಅನ್ಯಾಯ ಅಂತ ಅರವತ್ತು ದಾಟಿದ ಮ್ಯಾಲ ನನಗ ಗೊತ್ತಾಯ್ತು. ನಿಮಗ ಇನ್ನಾ ಬೇಗ ಗೊತ್ತಾಗಲಿ.

ಹುಡುಗರ ಮೇಳಾವಾ ಕೂಡಿಸಲಿಕ್ಕ ಒಬ್ಬ ಕಟ್ಟಿಮ್ಯಾಲ ಕೂತು ನಾಕು ಫೋನ್ ಮಾಡಿದ್ರ ಆಯ್ತು. ಮನಿ ಅದೇ, ಹೆಸರು ಅದೇ, ಅಡ್ಡಹೆಸರು ಅದೇ. ಹೆಣ್ಮಕ್ಕಳದು ಹಂಗಿಲ್ಲ. ನಮ್ಮ ಸೊಸಿ ವರ್ಗದಾಗ 42 ಮಂದಿ ಇದ್ದರಂತ. ಮೂರು ತಿಂಗಳು ಹುಡುಕಿದ ಮ್ಯಾಲ 31 ಮಂದಿ ಸಿಕ್ಕಾರ. ಯಾಕಂದ್ರ ಕಾಲೇಜಿನ ಪಟ್ಟಿಯಾಗ ಇರೋದು ಅಪ್ಪನ ಮನಿ ಹೆಸರು. ಈಗ ಆಧಾರ್ ಕಾರ್ಡಿನಾಗ ಇರೋದು ಗಂಡನ ಮನಿ ಹೆಸರು. ನಮ್ಮ ಈ ಕಡಿ ಪದ್ಧತಿಯಾಗ ಲಗ್ನದಾಗ ಅಕ್ಕಿ ಮ್ಯಾಲ ಹೊಸಾ ಹೆಸರು ಬರೆದು ಹುಡುಗಿ ಸ್ವಂತ ಹೆಸರೂ ತಗದು ಹಾಕ್ತಾರ. ಹಂಗಾದಾಗ ಹುಡುಕೋದು ಹ್ಯಾಂಗ? ಮೊಬೈಲ್ ನಂಬರ್ ಗಂಡನ ಹೆಸರಿನ ಮ್ಯಾಲ, ರೇಶನ್ ಕಾರ್ಡ್ ಮಾವನ ಹೆಸರಿನ ಮ್ಯಾಲ. 1 ಮೇ 2024ರ ನಂತರ ಹುಟ್ಟಿದ ಮಕ್ಕಳ ಹೆಸರಿನ ಜೋಡಿ ತಾಯಿ ಹೆಸರೂ ಬರೀಬೇಕು ಅಂತ ಮಹಾರಾಷ್ಟ್ರ ಸರ್ಕಾರ ನಿರ್ಣಯ ಮಾಡ್ಯಾದ. ಒಳ್ಳೆದೇ ಆಯ್ತು. ಆದ್ರ ತಾಯಿಗಿ ತನ್ನ ಹೆಸರೇ ಉಳಿದಿರದಿದ್ರ ಯಾವ ಹೆಸರು ಬರಸ್ತೀರಿ?

ಇವರು ಹುಡುಕಿದ ರೀತಿ ಕೇಳ್ರಿ. ಒಬ್ಬಾಕಿ ಆಳಂದದ ಬಳಿಗಾರನಿಂದ ಸಿಕ್ಕಳು. ಒಬ್ಬಾಕಿ ಶರಣಬಸವೇಶ್ವರ ಜಾತ್ರ್ಯಾಗ ಆಕಿ ತಮ್ಮ ಕಂಡದ್ದಕ್ಕ ಸಿಕ್ಕಳು. ಇನ್ನೊಬ್ಬಾಕಿ ಊರು ಗೊತ್ತಿತ್ತು, ಮನಿ ಗೊತ್ತಿದ್ದಿಲ್ಲ. ಆ ಊರ ಅಂಗನವಾಡಿ ಬಾಯಿಗಿ ಫೋನ್ ಹಚ್ಚಿದ್ರು. ಫೋನ್ ಸಿಕ್ಕರೂ ಎತ್ತಾವ ಗಂಡ. "ಯಾರು? ಯಾಕ? ಏನು ಕೆಲಸ?" ಒಂದು ಮನಿಯಾಗ ಅತ್ತಿ "ಆಕಿ ಇಲ್ಲ" ಅಂದಳಂತ, ಹಿಂದ ಅದೇ ಗೆಳತಿ ಕೂಸಿಗಿ ಜೋಗುಳ ಹಾಡೂದು ಕೇಳಸ್ತಿತ್ತಂತ.

ಇದನ್ನ ಕೇಳಿ ನಾ ನಗಲಿಕ್ಕ ಹೋದೆ, ನಗು ಬರಲಿಲ್ಲ. ನಾಕು ವರ್ಷದ ಹಿಂದ ನಮ್ಮ ಮನಿಗೂ ಒಂದು ಫೋನ್ ಬಂದಿತ್ತು. ಎತ್ತಿದವ ನಾನು. ಯಾರೋ ಹೆಣ್ಮಗಳು, ಸೊಸಿ ತವರಿನ ಹೆಸರು ಹೇಳಿ "ಆಕಿ ಜೋಡಿ ಓದಿದಾಕ್ರೀ" ಅಂದಳು. ಆಕಿ ಹೊಲಕ್ಕ ಹೋಗ್ಯಾಳ ಅಂದೆ. ಫೋನ್ ಇಟ್ಟೆ. ಸಂಜಿಗಿ ಸೊಸಿ ಬಂದಾಗ ಹೇಳಲಿಲ್ಲ. ಮರತೆ ಅಂದ್ರ ಸುಳ್ಳಾಗ್ತದ. ಹೇಳೂ ಅಂಥ ಮಾತಲ್ಲ ಅಂತ ಬಿಟ್ಟೆ. ಈಗ ಗೊತ್ತಾತು, ಫೋನ್ ಮಾಡಿದಾಕಿ ನಿಲಂಗಾದಾಗ ಇದ್ದಾಳ. ಕಲಬುರ್ಗಿಯಾಗ ಮೂರು ವರ್ಷ ಒಂದೇ ಬೆಂಚಿನ ಮ್ಯಾಲ ಕೂತ ಇಬ್ಬರು, ಒಬ್ಬಾಕಿ ಉಮರ್ಗಾ ತಾಲೂಕಿಗಿ, ಒಬ್ಬಾಕಿ ನಿಲಂಗಾ ತಾಲೂಕಿಗಿ ಲಗ್ನಾಗಿ ಬಂದು 20 ವರ್ಷ ಬಾಜೂಬಾಜೂಕೇ ಬಾಳ್ವಿ ಮಾಡ್ಯಾರ. ಒಬ್ಬರ ಸುದ್ದಿ ಒಬ್ಬರಿಗಿಲ್ಲ. ನಡುವ ಗ್ವಾಡಿ ಕಟ್ಟಿದವ ನಾನು. ಸೊಸಿ ಮುಂದ ಒಪ್ಪಿಕೊಂಡೀನಿ, ನಿಮ್ಮ ಮುಂದೂ ಒಪ್ಪಿಕೊಳ್ತೀನಿ.

ಇನ್ನ ನನ್ನ ಸಾಲಿ ಮಾತು. ನಾ ಏಳನೇ ಇಯತ್ತೆ ಓದಿದ್ದು 1972ರ ಬರದಾಗ. ನಮ್ಮ ವರ್ಗದಾಗ ಹೆಣ್ಮಕ್ಕಳು ನಾಕೇ ಮಂದಿ. ಬರ ಬಿದ್ದು ಹಿರೇರೆಲ್ಲಾ ಕಲ್ಲು ಒಡಿಯೂ ಕಾಮಗಾರಿಗಿ ಹೋಗ್ತಿದ್ರು, ಮಿಲೋ ಜ್ವಾಳದ ಕೆಂಪು ರೊಟ್ಟಿ, ಸುಕಡಿ, ಅದೇ ಊಟ. ನಾಕು ಹುಡುಗೇರೊಳಗ ಮೂವರು ಸಾಲಿ ಬಿಟ್ಟು ಕಲ್ಲಿಗಿ ಹೋದ್ರು. ಅವರೊಳಗ ಒಬ್ಬಾಕಿಗಿ ಚಲೋ ದನಿ ಇತ್ತು. ಮಧ್ಯಾಹ್ನ ಸೂಟಿಯಾಗ ನಾವು ಹುಡುಗರು ಕಾಮಗಾರಿ ಮ್ಯಾಲ ಸುಕಡಿ ಆಸೆಗೆ ಹೋದಾಗ, ಆಕಿ ಕಲ್ಲು ಒಡಕೋತ ಪಂಚಮಿ ಪದ ಹಾಡ್ತಿದ್ದಳು. ನಾ ಕಲ್ತ ಮೊದಲ ಪದ ಅದು. ಇವತ್ತಿಗೂ ಯಾವ ಊರಿಗಿ ಹೋದ್ರೂ ಆ ಪದಾನೇ ಮೊದಲು ಹಾಡ್ತೀನಿ. ಯಾರ ಪದ ಅಂತ ಕೇಳಿದ್ರ ಜನಪದ ಅಂತೀನಿ.

ಆಕಿ ಎಲ್ಲಿಗಿ ಲಗ್ನಾಗಿ ಹೋದಳು ಅಂತ ನಾ ಕೇಳಿದ್ದೇ ಇಲ್ಲ. 1993ರ ಸಪ್ಟೆಂಬರ್ 30ರ ನಸುಕಿನಾಗ ಭೂಕಂಪ ಆಯ್ತು. ಗಣಪತಿ ಕಳಸಿ ಮಂದಿ ಆಗ ಮಲಗಿದ್ರು. ಕಿಲ್ಲಾರಿ, ಆಗ ನಮ್ಮ ಉಮರ್ಗಾ ತಾಲೂಕಿನಾಗೇ ಇದ್ದ ಸಾಸ್ತೂರ, ಸುತ್ತಿನ ಹಳ್ಳಿಗಳು, ಕಲ್ಲು ಮಣ್ಣಿನ ದಪ್ಪ ಗ್ವಾಡಿ ಮನಿಗಳೆಲ್ಲಾ ನೆಲಕ್ಕ ಬಿದ್ದವು. ಸಾವಿರ ಸಾವಿರ ಮಂದಿ ಸತ್ತರು. ನಾವು ನಮ್ಮೂರಿಂದ ರೊಟ್ಟಿ ಕಟಗೊಂಡು ಹೋದ್ವಿ. ಕಿಲ್ಲಾರಿ ಬಾಜೂಕಿನ ಒಂದು ಹಳ್ಳಿಯಾಗ ನಾ ಮೂರು ದಿನ ಕಲ್ಲು ಎತ್ತೀನಿ. ಎಷ್ಟೋ ವರ್ಷ ಆದ ಮ್ಯಾಲ ಆಕಿ ಅಣ್ಣ ನಳದುರ್ಗದ ಖಂಡೋಬಾ ಜಾತ್ರ್ಯಾಗ ಸಿಕ್ಕ. ತಂಗಿ ಎಲ್ಲಿದ್ದಾಳಪ್ಪಾ ಅಂದೆ. ಅದೇ ಹಳ್ಳಿ ಹೆಸರು ಹೇಳಿದ. ಆ ರಾತ್ರಿನೇ ಹೋದಳು ಅಂದ.

ಆಕಿ ಅಲ್ಲಿ ಇದ್ದಾಳ ಅಂತ ಗೊತ್ತಿದ್ರೂ ಉಳಸ್ತಿದ್ದಿಲ್ಲ, ಅದು ನನಗೂ ತಿಳೀತದ. ಆದ್ರ ಆಕಿ ಮನಿ ಯಾವುದು ಅಂತ ಕೇಳ್ತಿದ್ದೆ. ಮಣ್ಣಿಗಿ ಒಂದು ಹಿಡಿ ಮಣ್ಣು ಹಾಕ್ತಿದ್ದೆ. ಜನಪದಕ್ಕ ಹಾಡಿದವರ ಹೆಸರಿಲ್ಲ ಅಂತ ದೊಡ್ಡ ಮಂದಿ ಭಾಷಣ ಮಾಡ್ತಾರ. ಆ ಪದಕ್ಕ ಹೆಸರಿತ್ತು. ನಾನು ಬರಕೊಳ್ಳಲಿಲ್ಲ. ಅದಕ್ಕೇ ಹೆಣ್ಮಕ್ಕಳು ತಮ್ಮ ವರ್ಗದ ಹೆಣ್ಮಕ್ಕಳನ್ನ ಹುಡುಕ್ತೀವಿ ಅಂದಾಗ, ಅದು ಮೋಜಿನ ಕೆಲಸ ಅಂತ ಯಾರಾದ್ರೂ ಅಂದ್ರ ನನಗ ಸಿಟ್ಟು ಬರ್ತದ.

ಈಗ ಓಣಿಯ ಪ್ರಶ್ನೆಗಳಿಗೆ ಬರ್ತೀನಿ.

"ಮನಿ ಕೆಲಸ ಯಾರು ಮಾಡಬೇಕು?" ಮನಿಯಾಗ ಇದ್ದವರು. ನಮ್ಮ ಮನಿಯಾಗ ಕೈಕಾಲು ಗಟ್ಟಿ ಇದ್ದವರು ಐದು ಮಂದಿ ಇದ್ದೀವಿ. ಒಬ್ಬಾಕಿ ಒಂದು ದಿನ ಇಲ್ಲಂದ್ರ ಒಲಿ ಆರ್ತದ ಅಂದ್ರ, ಉಳಿದ ನಾಕು ಮಂದಿ ಇಷ್ಟು ದಿನ ಏನು ಮಾಡ್ತಿದ್ದೀವಿ ಅಂತ ನಾವೇ ಕೇಳಿಕೊಳ್ಳಬೇಕು.

"ತವರಿಗಿ ಹೋಗ್ತಾಳಲ್ಲ, ಮತ್ತ ಇದೇನು?" ತವರಿಗಿ ಹೋದಾಗ ಆಕಿ ಮಗಳು. ಇಲ್ಲಿ ಸೊಸಿ, ಹೆಂಡತಿ, ತಾಯಿ. ಆಕಿ ಆಕಿಯಾಗಿ ಇದ್ದದ್ದು ಆ ಮೂರು ವರ್ಷ ಕಾಲೇಜಿನಾಗ. ಅಲ್ಲಿ ಆಕಿ ಚರ್ಚಾ ಸ್ಪರ್ಧೆಯಾಗ ಬಹುಮಾನ ತಗೊಂಡಾಳಂತ. 20 ವರ್ಷ ಒಂದೇ ಮನಿಯಾಗ ಉಂಡು ನನಗ ಇದು ಗೊತ್ತಿದ್ದಿಲ್ಲ. ಗೊತ್ತಿದ್ದವರು ಆ 31 ಮಂದಿ.

"ಹೆಣ್ಮಕ್ಕಳು ಹಿಂದಕ್ಕ ಹಿಂಗ ಕೂಡ್ತಿದ್ದಿಲ್ಲ." ಇದು ಶುದ್ಧ ಸುಳ್ಳು. ಹಾಡೂ ಮಂದಿಯನ್ನ ಕೇಳ್ರಿ. ನಸುಕಿನಾಗ ಎದ್ದು ಬೀಸೂಕಲ್ಲಿಗಿ ಇಬ್ಬರು ಎದುರೆದುರು ಕೂಡ್ತಿದ್ರು, ಒಬ್ಬಾಕಿ ಅಂದಿದ್ದು ಇನ್ನೊಬ್ಬಾಕಿ ಹಾಡ್ತಿದ್ದಳು. ಬಾಂವಿ ಮ್ಯಾಲ ಓಣಿಗೆ ಓಣಿನೇ ಕೂಡ್ತಿತ್ತು. ನಾಗರ ಪಂಚಮಿಗಿ ಊರ ಹೆಣ್ಮಕ್ಕಳೆಲ್ಲಾ ತವರಿಗಿ ಬಂದು ಜೋಕಾಲಿ ಕಟ್ಟತಿದ್ರು. ಒಂದೇ ವಾರಗಿಯ ಗೆಳತ್ಯಾರು ವರ್ಷಕ್ಕೊಮ್ಮೆ ಅದೇ ಗಿಡದ ಕೆಳಗ ಕೂಡೂದು, ಅದು ಮೇಳಾವಾ ಅಲ್ಲದ ಮತ್ತೇನು? ಹಿಟ್ಟಿನ ಗಿರಣಿ ಬಂತು, ಬೀಸೂಕಲ್ಲು ಮೂಲಿಗಿ ಬಿತ್ತು. ಮನಿಗಿ ನಳ ಬಂತು, ಬಾಂವಿ ಮುಚ್ಚಿತು. ಒಳ್ಳೆದಾಯ್ತು, ಮತ್ತ ಆಕಿ ಕೈಗಿ ಬೀಸೂ ಗೂಟ ಕೊಡ್ರಿ ಅಂತ ನಾ ಹೇಳೂದಿಲ್ಲ. ಆದ್ರ ಗಂಡಸರ ಕಟ್ಟಿ ಮುಚ್ಚಲಿಲ್ಲ, ಚಹಾದ ಹೋಟೆಲ್ ಮುಚ್ಚಲಿಲ್ಲ, ಭಜನಿ ಗುಡಿ ಮುಚ್ಚಲಿಲ್ಲ. ಹೆಣ್ಮಕ್ಕಳು ಕೂಡೂ ಜಾಗಾ ಅಷ್ಟೇ ಹೋದವು.

"ನಾಕು ಮನಿ ಸುದ್ದಿ ಕೇಳಿ ಬಂದು ಇಲ್ಲಿ ತಕರಾರು ತಗೀತಾಳ." ನಮ್ಮ ಎಲ್ಲರ ಹೊಟ್ಟಿಯಾಗಿನ ಖರೇ ಅಂಜಿಕಿ ಇದು. ಬಾಯಿಬಿಟ್ಟು ಹೇಳಿದವನಿಗೆ ನಾ ಶಹಬ್ಬಾಸ್ ಅಂತೀನಿ. ಆದ್ರ ಕೇಳ್ರಿ, ಒಂದು ದಿನದ ಮಾತಿಗಿ ಬೀಳೂ ಸಂಸಾರ ಇದ್ರ ಅದರ ಬುನಾದಿ ನೋಡಬೇಕು, ಮಾತು ನಿಲ್ಲಿಸಬಾರದು. ಭೂಕಂಪ ಕಂಡ ತಾಲೂಕಿನವರು ನಾವು, ಯಾವ ಗ್ವಾಡಿ ಬೀಳ್ತದ ಅಂತ ನಮಗ ಗೊತ್ತದ.

"ಖರ್ಚು?" ಹುಡುಗರ ಮೇಳಾವಾದಾಗ ಬ್ಯಾನರಿಗೂ ಡಿಜೆಗೂ ಹೋದದ್ದು ಯಾರ ಗಂಟು? ಇವರದು ಬಸ್ಸಿನ ತಿಕೀಟು, ಒಂದು ಊಟ. ಅದರಾಗೂ ಗಡಿಯ ಸಂಕಟ ಅದ. 17 ಮಾರ್ಚ್ 2023ರಿಂದ ನಮ್ಮ ಎಸ್‌ಟಿಯಾಗ ಹೆಣ್ಮಕ್ಕಳಿಗಿ ಅರ್ಧಾ ತಿಕೀಟು, ಅದು ಮಹಾರಾಷ್ಟ್ರದ ಗಡಿ ತನಕ. 11 ಜೂನ್ 2023ರಿಂದ ಕರ್ನಾಟಕದ ಬಸ್ಸಿನಾಗ ಶಕ್ತಿ ಯೋಜನೆಯ ಫುಕಟ್ ಪ್ರವಾಸ, ಅದು ಕರ್ನಾಟಕದ ವಿಳಾಸ ಇದ್ದವರಿಗಿ. ಕಲಬುರ್ಗಿಯಾಗ ಹುಟ್ಟಿ, ಕಲಬುರ್ಗಿಯಾಗ ಓದಿ, ಈ ಕಡಿ ಉಮರ್ಗಾ, ನಿಲಂಗಾ, ಉದಗೀರಕ್ಕ ಲಗ್ನಾಗಿ ಬಂದಾಕಿ ಗಡಿ ದಾಟಿದ ಮ್ಯಾಲ ಪೂರಾ ತಿಕೀಟು ತಗೀಬೇಕು. ಅದಕ್ಕ ಇವರೇ ಒಂದು ತೋಡ ತಗದಾರ. ಫುಕಟ್ ಬರೋರು ಹತ್ತಿಪ್ಪತ್ತು ರೂಪಾಯಿ ಹೆಚ್ಚಿಗಿ ವರ್ಗಣಿ ಹಾಕಿ ಈ ಕಡಿಯವರ ತಿಕೀಟು ಕೊಡ್ತಾರಂತ. ಸರ್ಕಾರಕ್ಕ ತಿಳೀಲಾರದ್ದು ಗೆಳತ್ಯಾರಿಗಿ ತಿಳೀತು.

ಈ ಗಡಿ ಎಷ್ಟರದು? ನಿಜಾಮನ ಕಾಲಕ್ಕ ಕಲಬುರ್ಗಿ, ಬೀದರ, ಉಸ್ಮಾನಾಬಾದ ಎಲ್ಲಾ ಒಂದೇ ರಾಜ್ಯದಾಗ ಇದ್ದವು. 1 ನವೆಂಬರ್ 1956ಕ್ಕ ಅವು ಮೈಸೂರಿಗಿ ಹೋದವು, ನಾವು ಮುಂಬಯಿ ರಾಜ್ಯಕ್ಕ ಬಂದ್ವಿ. 1 ಮೇ 1960ಕ್ಕ ಮಹಾರಾಷ್ಟ್ರ ಆಯ್ತು. ಆದ್ರ ಬೀಗತನ ಗಡಿ ಕೇಳಲಿಲ್ಲ, ಹೆಣ್ಣು ಕೊಡೂದು ತರೂದು ನಡದೇ ಅದ. ನಮ್ಮ ಮನಿಯೊಳಗಿನ ಕನ್ನಡ ಇಷ್ಟು ದಿನ ಉಳಿದದ್ದು ಆ ಕಡಿಯಿಂದ ಬಂದ ಸೊಸೆಯಂದಿರಿಂದ. ನಾನಂತೂ ಸಾಲಿಯಾಗ ಮರಾಠಿ ಕಲ್ತವ, ಕನ್ನಡ ಅಕ್ಷರ ಭಜನಿ ಪುಸ್ತಕದಾಗ ಕಲ್ತವ. ಬಿ.ಎ. ತನಕ ಕನ್ನಡ ಓದಿದಾಕಿ ನಮ್ಮ ಮನಿಯಾಗ 20 ವರ್ಷ ಇದ್ದರೂ, ನಾ ಕನ್ನಡದಾಗ ಒಂದು ಅರ್ಜಿ ಬರಸಬೇಕಂದ್ರ ಊರೆಲ್ಲಾ ತಿರುಗ್ತಿದ್ದೆ. ಈ ಲೇಖನದ ಕಾಗುಣಿತ ತಿದ್ದಿದಾಕಿ ಆಕಿ.

ಇನ್ನ ಗುರುಜಿಗಳಿಗೆ ಒಂದು ಮಾತು. ಜನವರಿ 3ಕ್ಕ ಸಾಲಿಯಾಗ ಸಾವಿತ್ರಿಬಾಯಿ ಫುಲೆ ಜಯಂತಿ ಮಾಡ್ತೀರಿ. 1848ರಾಗ ಪುಣೆದಾಗ ಹೆಣ್ಮಕ್ಕಳ ಸಾಲಿ ತಗದ ಸಾವಿತ್ರಿಬಾಯಿ ಮ್ಯಾಲ ಮಂದಿ ಸಗಣಿ ಎರಚಿದ್ರು ಅಂತ ಮಕ್ಕಳಿಗಿ ಹೇಳ್ತೀರಿ. ಬಸವ ಜಯಂತಿಗಿ ನಾವೂ ಅಕ್ಕಮಹಾದೇವಿ ಹೆಸರು ಹೇಳ್ತೀವಿ. ಹೆದ್ದಾರಿ ಹಿಡಿದು ಉಮರ್ಗಾ ದಾಟಿ ಹೋದ್ರ ಬಸವಕಲ್ಯಾಣ. ಅಕ್ಕ ತನ್ನ ಮಂದಿಯನ್ನ ಹುಡುಕ್ಕೋತ ಉಡುತಡಿಯಿಂದ ಅಲ್ಲಿ ತನಕ ಬಂದಳು. ವಿಜಯಪುರದಾಗ 2003ರಿಂದ ಹೆಣ್ಮಕ್ಕಳಿಗಿ ಅಂತ ಒಂದು ವಿಶ್ವವಿದ್ಯಾಲಯ ಅದ, ಅದಕ್ಕ ಆಕಿ ಹೆಸರೇ ಇಟ್ಟಾರ. ಇಷ್ಟೆಲ್ಲಾ ಹಾರ ಹಾಕಿ, ಅದೇ ಜನವರಿ ತಿಂಗಳಿನಾಗ ಮನಿ ಸೊಸಿ ಒಂದು ಐತವಾರ ಹೋಗ್ತೀನಿ ಅಂದ್ರ ತೊಗರಿ ರಾಶಿ ನೆನಪಿಗಿ ಬರ್ತದ ನಮಗ.

ಮೇಳಾವಾ ಮಾಡೂ ಹೆಣ್ಮಕ್ಕಳಿಗೂ ಒಂದೆರಡು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಗಂಡಸರ ಮೇಳಾವಾದ ನಕಲು ಹೊಡೀಬ್ಯಾಡ್ರಿ. ಎಲ್ಲರೂ ಒಂದೇ ಬಣ್ಣದ ಸೀರಿ ಉಡೋಣ ಅಂತ ನಿಮ್ಮೊಳಗ ಯಾರೋ ಅಂದಾರಂತ. ಹೊಸಾ ಸೀರಿ ತಗೊಳ್ಳಲಿಕ್ಕಾಗದಾಕಿ ಜ್ವರ ಬಂದದ ಅಂತ ಮನಿಯಾಗ ಕೂಡ್ತಾಳ. ಸಂಕ್ರಾಂತಿ ದಿನಮಾನ, ಹಳದಿ-ಕುಂಕುಮ ಇಟ್ಟುಕೊಳ್ಳೋಣ ಅಂತ ಇನ್ನೊಬ್ಬಾಕಿ. ನಿಮ್ಮ 31ರಾಗ ಗಂಡ ತೀರಿದವರು ಮೂವರು ಇದ್ದಾರಂತ. ಅವರು ಬಂದು ಮೂಲಿಗಿ ನಿಂದರಬೇಕೇನು? ಈ ಮಾತಿಗಿ ನಮ್ಮ ಸೊಸಿ ಫೋನಿನಾಗ ಎರಡು ದಿನ ಜಗಳಾಡಿ ಗೆದ್ದಾಳ. ಕುಂಕುಮದ ಬದಲಿ ಎಳ್ಳು-ಬೆಲ್ಲ ಎಲ್ಲರಿಗೂ, ಸೀರಿ ಯಾರು ಯಾವುದಾದ್ರೂ ಉಡಲಿ ಅಂತ ಠರಾವಾಗ್ಯಾದ. ಇನ್ನೊಂದು, ಸ್ಮಾರ್ಟ್ ಫೋನ್ ಇದ್ದವರನ್ನಷ್ಟೇ ಎಣಸಿ 31 ಅನಬ್ಯಾಡ್ರಿ. ಸಿಗಲಾರದ 11 ಮಂದಿಯೊಳಗೇ ನಿಮ್ಮ ಜರೂರು ಇದ್ದಾಕಿ ಇರ್ತಾಳ. ಅವರ ಹೆಸರು ಅವತ್ತು ಒಬ್ಬರು ಎದ್ದು ನಿಂತು ಓದ್ರಿ. ನಾ ಹಿಂದ ಉಳಿದಂಗ ನೀವು ಉಳೀಬ್ಯಾಡ್ರಿ.

ಕಡೀಕ ಊರಿಗಿ ನನ್ನ ಬೇಡಿಕೆ ಮೂರು. ಒಂದು, ಸಾಲಿಯ ದಾಖಲ-ಖಾರಿಜ ರಜಿಸ್ಟರಿನ ಹೆಣ್ಮಕ್ಕಳ ಹೆಸರೆಲ್ಲಾ ಒಂದು ವಹಿಯಾಗ ಬರೆದು, ಯಾವ ಊರಿಗಿ ಲಗ್ನಾಗಿ ಹೋದಳು, ಈಗ ಏನು ಹೆಸರು ಅಂತ ಮುಂದ ಬರೀರಿ. ಓಣಿಯ ಮುದುಕೇರು ಒಂದು ಮಧ್ಯಾಹ್ನ ಕೂತರ ಅರ್ಧಾ ಊರಿನ ಲೆಕ್ಕ ಹೇಳ್ತಾರ. ಎರಡು, ಮುಂದಿನ ಮೇಳಾವಾ ದೀಪಾವಳಿಗಿ ಬ್ಯಾಡ, ಪಂಚಮಿ ಮರುದಿನ ಇಟಗೋರಿ. ಅವತ್ತು ಊರ ಹೆಣ್ಮಕ್ಕಳು ಬಂದಿರ್ತಾರ. ಹೋದ ಸಲ ಒಬ್ಬ ಹೆಣ್ಮಗಳಿಗೂ ಕರಿ ಹೋಗಿದ್ದಿಲ್ಲ, ನಾ ಊಟಕ್ಕ ಕೂತಾಗ ಪಂಕ್ತಿ ನೋಡಿನೂ ನನಗದು ಹೊಳೀಲಿಲ್ಲ. ಮೂರು, ಈ ಪುಸ್ತಕ ಛಾಪಿಸೂ ನಮ್ಮ ವಾಚನಾಲಯದವರಿಗೇ. ಕಪಾಟಿನಾಗ ಕನ್ನಡ ಪುಸ್ತಕ ಅವ, ಅವನ್ನ ಓದಲಿಕ್ಕ ಬರೂ ಸೊಸೆಯಂದಿರು ಊರಾಗ ಇದ್ದಾರ. ಆದ್ರ ಪಡಸಾಲಿಯಾಗ ಬೆಳಗಿಂದ ಸಂಜಿ ತನಕ ನಾವು ಪೇಪರ್ ಹಿಡಕೊಂಡು ಕೂತಿರ್ತೀವಿ. ವಾರದಾಗ ಒಂದು ಮಧ್ಯಾಹ್ನ ನಾವು ಎದ್ದು ಹೋಗೋಣ.

ನಮ್ಮ ಮನಿಯಾಗ ಇತ್ಯರ್ಥ ಆಗ್ಯಾದ. ಆ ಐತವಾರ ಮುಂಜಾನಿ ಮೊದಲ ಗಾಡಿಗಿ ಸೊಸಿ ಹೋಗ್ತಾಳ. ನಿಲಂಗಾದಾಕಿ ಉಮರ್ಗಾಕ್ಕ ಬರ್ತಾಳ, ಇಬ್ಬರೂ ಜೋಡಿ ಆಳಂದ ಮ್ಯಾಲ ಕಲಬುರ್ಗಿಗಿ ಹೋಗ್ತಾರ. ರಾತ್ರಿ ಗೆಳತಿ ಮನಿಯಾಗಿದ್ದು ಮರುದಿನ ಬರ್ತಾರ. ಎಮ್ಮಿ ಹಿಂಡೂದು ನನ್ನ ಕಡಿ, ರೊಟ್ಟಿ ನಮ್ಮ ಮನಿಯಾಕಿ ಕಡಿ, ತೊಗರಿ ರಾಶಿ ಮಗನ ಕಡಿ. ಅವತ್ತು ಯಾರಾದ್ರೂ ನಮ್ಮ ಮನಿಗಿ ಬಂದ್ರ ಚಹಾ ನಾನೇ ಮಾಡಾವ. ಸಕ್ಕರಿ ಹೆಚ್ಚು ಕಮ್ಮಿ ಆದ್ರ ಸಂಭಾಳಿಸಿಕೊಂಡು ಕುಡೀರಿ. ಸೊಸಿ ಎಲ್ಲಿಗಿ ಹೋಗ್ಯಾಳ ಅಂತ ಮಾತ್ರ ಮೂಗು ಮುರೀಬ್ಯಾಡ್ರಿ. ಗೆಳತ್ಯಾರ ಕಡಿ ಹೋಗ್ಯಾಳ.